ಓಮ್ನಿಯನ್ನು ಕಳುಹಿಸಿಕೊಟ್ಟೆವು

ನಮ್ಮ ಮನೆಯ ಮಾರುತಿ ಓಮ್ನಿಯ ನೋಂದಣಿ ಅವಧಿ 2024ರ ಮಳೆಗಾಲದ ಕೊನೆಗೆ ಮುಗಿಯುವುದಿತ್ತು. 1999ರಲ್ಲಿ ಮಾವ ಕೊಂಡ ವಾಹನ ಅದು. ಸ್ವಂತ ಬಳಕೆಯ ಕಾರಿಗೆ ಮೊದಲ ನೋಂದಣಿ 15 ವರ್ಷಕ್ಕೆ ಸಿಗುತ್ತದೆ. ಅದು ತೀರಿದ ಮೇಲೆ ಐದು ವರ್ಷಕ್ಕೊಮ್ಮೆ ಸಾರಿಗೆ ಕಚೇರಿಗೆ ಒಯ್ದು, ತಪಾಸಣೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ ನವೀಕರಿಸಿಕೊಳ್ಳಬೇಕು. 2014ರಲ್ಲಿ ಮಾಡಿಸಿದ್ದೆವು, 2019ರಲ್ಲೂ ಮಾಡಿಸಿದ್ದೆವು. ಆಗ 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಗಿತ್ತು. ಹಳೆಯ ವಾಹನಗಳೆಲ್ಲ ಅತಿ ಸುರಕ್ಷಿತ ನೋಂದಣಿ ಫಲಕ ಹಾಕಿಸಿಕೊಳ್ಳಬೇಕೆಂದು ರಾಜ್ಯ ಸರ್ಕಾರ 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಆದೇಶವೂ ತಲೆಯ ಮೇಲಿತ್ತು. ಬರೀ ಹಣದ ಪ್ರಶ್ನೆಯಾಗಿದ್ದರೆ ನಮ್ಮ ಮನೆಯಲ್ಲಿ ಯಾರೂ ಎರಡನೆಯ ಮಾತು ಆಡುತ್ತಿರಲಿಲ್ಲ. ತೊಂದರೆ ಇದ್ದದ್ದು ಗಾಡಿಯ ತಳದಲ್ಲಿ.

ತಪಾಸಣೆಗೆ ಮೊದಲು ಒಮ್ಮೆ ನೋಡಿಬಿಡೋಣ ಎಂದು ಶಿರಸಿ ಪೇಟೆಯ ನಮ್ಮ ಮೇಸ್ತ್ರಿ ಅದನ್ನು ಜಾಕ್ ಮೇಲೆ ಎತ್ತಿ, ಸ್ಕ್ರೂಡ್ರೈವರಿನ ಹಿಡಿಯಿಂದ ಅಡಿಯನ್ನು ತಟ್ಟುತ್ತ ಹೋದರು. ಗಟ್ಟಿ ತಗಡಾದರೆ ಟಣ್ಣೆನ್ನಬೇಕು. ನಮ್ಮದು ಹಲವು ಕಡೆ ಮೊದ್ದು ಸದ್ದು ಮಾಡಿತು. ಒಂದು ಕಡೆ ತುದಿಯನ್ನು ಒತ್ತಿದರೆ ಸ್ಕ್ರೂಡ್ರೈವರ್ ಒಳಗೇ ಇಳಿಯಿತು.

"ಅಕ್ಕಾ, ಎಂಜಿನ್ ಇನ್ನೂ ಎಷ್ಟೋ ವರ್ಷ ಓಡುತ್ತದೆ. ಅದನ್ನು ಹೊತ್ತ ಮೈಯಲ್ಲಿ ಬಲವಿಲ್ಲ," ಎಂದರು. "ತಗಡು ಬೆಸೆದು, ಬಣ್ಣ ಬಳಿದು ಪಾಸು ಮಾಡಿಸಿಕೊಂಡು ಬರಬಹುದು. ಆದರೆ ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ಕೂರುವ ಜಾಗವೇ ತಿಂದುಹೋಗಿದೆ. ಮಕ್ಕಳನ್ನು ಕೂರಿಸಿಕೊಂಡು ದೇವಿಮನೆ ಘಟ್ಟ ಇಳಿಯಿರಿ ಎಂದು ನಾನು ಹೇಳಲಾರೆ."

ಮಾವ ಪಕ್ಕದಲ್ಲೇ ನಿಂತಿದ್ದರು. ಬಗ್ಗಿ ತಾವೇ ಕೈಯಾಡಿಸಿ ನೋಡಿದರು. ಬೆರಳಿಗೆ ಅಂಟಿದ ತುಕ್ಕಿನ ಪುಡಿಯಲ್ಲಿ ಅಲ್ಲಲ್ಲಿ ಹಸಿರು ಇತ್ತು. "ಮೈಲುತುತ್ತ," ಎಂದರು.

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಳೆರೋಗ ತಡೆಯಲು ಮಳೆಗಾಲದಲ್ಲಿ ಕೊನೆಗಳಿಗೆ, ಅಂದರೆ ಅಡಿಕೆ ಗೊನೆಗಳಿಗೆ, ಬೋರ್ಡೋ ದ್ರಾವಣ ಹೊಡೆಯುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಮೈಲುತುತ್ತ ಕಬ್ಬಿಣಕ್ಕೆ ತಾಗಿದರೆ ಕಬ್ಬಿಣ ಕರಗುತ್ತದೆ, ತಾಮ್ರ ಕೂರುತ್ತದೆ. ಆ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಕದಡಬಾರದು ಎನ್ನುವುದು ಅದಕ್ಕೇ. ಕಾಲು ಶತಮಾನ ಪ್ರತಿ ಮಳೆಗಾಲದಲ್ಲೂ ಮೈಲುತುತ್ತದ ಚೀಲಗಳು, ಸೋರುವ ಡ್ರಮ್ಮುಗಳು, ದೋಟಿ ಮತ್ತು ಪಂಪು ಈ ಗಾಡಿಯ ಹಿಂಬದಿಯಲ್ಲೇ ತೋಟಕ್ಕೆ ಇಳಿದಿವೆ. ಅದರ ಮೇಲೆ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುವ ನಮ್ಮ ಮಳೆ, ಚಕ್ರದ ಗೂಡಿಗೆ ಮೆತ್ತಿಕೊಂಡು ತಿಂಗಳುಗಟ್ಟಲೆ ಒಣಗದ ಕೆಸರು. ತೋಟವನ್ನು ಉಳಿಸಿದ ಔಷಧವೇ ಗಾಡಿಯನ್ನು ತಿಂದಿತ್ತು. ಇದು ಯಾರ ಅಲಕ್ಷ್ಯವೂ ಅಲ್ಲ. ಅದು ದುಡಿದ ರೀತಿಗೆ ಅದರ ಮೈ ಹಾಗೆ ಸವೆದಿತ್ತು.

ಓಮ್ನಿಯನ್ನು ನೋಡಿಯೇ ಇಲ್ಲದ ಮಕ್ಕಳು ಈಗ ಕಾರು ಓಡಿಸುವ ವಯಸ್ಸಿಗೆ ಬರುತ್ತಿದ್ದಾರೆ, ಆದ್ದರಿಂದ ಸ್ವಲ್ಪ ಹೇಳುತ್ತೇನೆ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದು, 1988ರಲ್ಲಿ ಓಮ್ನಿ ಆಯಿತು. ಸುರಕ್ಷತೆಯ ಹೊಸ ನಿಯಮಗಳಿಗೆ ಹೊಂದಿಸಲಾಗದೆ 2019ರಲ್ಲಿ ತಯಾರಿಕೆ ನಿಂತಿತು. ಮಾರುತಿ 800ರಲ್ಲಿದ್ದ 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ನೇ ಇದರಲ್ಲೂ ಇತ್ತು. ಆದರೆ ಮುಂದಿನ ಬಾನೆಟ್ಟಿನ ಬದಲು ಮುಂದಿನ ಸೀಟುಗಳ ಅಡಿಯಲ್ಲಿ. ಬೇಸಗೆಯಲ್ಲಿ ಕುಮಟೆಗೆ ಹೋಗಿ ಬಂದರೆ ತೊಡೆಯ ಅಡಿ ಕಾವು ಏರುತ್ತಿತ್ತು. ಮಳೆಗಾಲದಲ್ಲಿ ಅದೇ ಕಾವು ಹಿತ. ಕೆಟ್ಟು ನಿಂತರೆ ಸೀಟು ಎತ್ತಿ, ಮಳೆಗೆ ಒದ್ದೆಯಾಗದೆ ಗಾಡಿಯೊಳಗೇ ಕೂತು ಎಂಜಿನ್ ಬಿಚ್ಚಬಹುದಿತ್ತು. ನಮ್ಮ ಊರಿನ ಮಳೆ ಗೊತ್ತಿದ್ದವರಿಗೆ ಈ ಒಂದು ಅನುಕೂಲದ ಬೆಲೆ ಗೊತ್ತು. ಬದಿಯ ಬಾಗಿಲು ಜಾರುವಂಥದ್ದು, ಆದ್ದರಿಂದ ಎರಡು ಕಡೆ ಮಣ್ಣಿನ ಧರೆ ಇರುವ ಕಿರಿದಾದ ದಾರಿಯಲ್ಲೂ ನಿಲ್ಲಿಸಿ ಜನರನ್ನು ಇಳಿಸಬಹುದು. ಎಳೆಯುವುದು ಹಿಂದಿನ ಚಕ್ರ. ಹಿಂದೆ ಭಾರವಿಲ್ಲದಿದ್ದರೆ ಕೆಸರಿನ ಏರಿನಲ್ಲಿ ಚಕ್ರ ಸುಮ್ಮನೆ ತಿರುಗುತ್ತಿತ್ತು. ಅದಕ್ಕೆಂದೇ ಜೂನ್ ಬಂತೆಂದರೆ ಮಾವ ಎರಡು ಮೂಟೆ ಮಣ್ಣನ್ನು ಹಿಂಬದಿಯಲ್ಲಿ ಇಟ್ಟುಬಿಡುತ್ತಿದ್ದರು, ದೀಪಾವಳಿಯ ಹೊತ್ತಿಗೆ ಇಳಿಸುತ್ತಿದ್ದರು.

ನಾನು ಈ ಮನೆಗೆ ಸೊಸೆಯಾಗಿ ಬಂದದ್ದು ಅದರಲ್ಲಿ. ವಾಹನ ಓಡಿಸಲು ಕಲಿತದ್ದೂ ಅದರಲ್ಲಿ, ಮಾವನಿಂದಲೇ. ಗದ್ದೆಯ ಕೊಯ್ಲು ಮುಗಿದ ಮೇಲೆ ಒಣಗಿದ ಬಯಲಿನಲ್ಲಿ ಸುತ್ತು ಹಾಕಿಸುತ್ತಿದ್ದರು. "ತಂಗೀ, ಗೇರ್ ಹಾಕುವಾಗ ಕೆಳಗೆ ನೋಡಬೇಡ. ದಾರಿ ನೋಡು, ಕೈಗೆ ತಾನೇ ತಿಳಿಯುತ್ತದೆ," ಎನ್ನುತ್ತಿದ್ದರು. ನಮ್ಮ ಕೇರಿಯಲ್ಲಿ ಆಗ ಹೆಂಗಸರು ಸ್ಟಿಯರಿಂಗ್ ಹಿಡಿದದ್ದು ಕಡಿಮೆ. ಯಾರು ಏನೆಂದರೋ ಗೊತ್ತಿಲ್ಲ, ಮಾವನ ಕಿವಿಗೆ ಬಿದ್ದರೂ ನನ್ನ ತನಕ ಬರಲು ಅವರು ಬಿಡಲಿಲ್ಲ. ಕೆಲವೇ ವರ್ಷಗಳಲ್ಲಿ, ರಾತ್ರಿ ಹೊತ್ತು ಯಾರಿಗಾದರೂ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಅಂಗಳಕ್ಕೆ ಬಂದವರು ಮಾವನ ಜೊತೆ ನನ್ನ ಹೆಸರನ್ನೂ ಕೂಗುವಂತಾಯಿತು. ನಮ್ಮ ತೋಟದಲ್ಲಿ ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡನ ಮಗಳು ಹೆರಿಗೆ ನೋವಿನಲ್ಲಿದ್ದಾಗ, ಹಳ್ಳ ಸೇತುವೆಯ ಮಟ್ಟಕ್ಕೆ ಏರಿದ್ದ ರಾತ್ರಿ, ಅವಳನ್ನು ಶಿರಸಿಗೆ ಮುಟ್ಟಿಸಿದ್ದು ಈ ಗಾಡಿ. ಯಕ್ಷಗಾನದ ಆಟಕ್ಕೆ, ಮದುವೆಯ ದಿಬ್ಬಣಕ್ಕೆ, ಕರುವನ್ನು ಪಶು ಆಸ್ಪತ್ರೆಗೆ ಒಯ್ಯಲಿಕ್ಕೆ, ಅಡಿಕೆಯ ಚೀಲಗಳನ್ನು ಸೊಸೈಟಿಗೆ ಹಾಕಲಿಕ್ಕೆ ಇದೊಂದೇ. ಮನೆಯ ಗಾಡಿ ಎನ್ನುವುದಕ್ಕಿಂತ ಕೇರಿಯ ಗಾಡಿ ಎಂದರೆ ಸರಿ.

ಇಂಥದ್ದನ್ನು ಏನು ಮಾಡಬೇಕು? ಮನೆಯೊಳಗೆ ಒಂದೊಂದು ಬಾಯಿಯಲ್ಲಿ ಒಂದೊಂದು ಉತ್ತರ ಇತ್ತು. ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ನಿಲ್ಲಿಸಿಬಿಡೋಣ, ಅದರ ಪಾಡಿಗೆ ಅದು ಇರಲಿ ಎಂದು ಅತ್ತೆ. ಮಾರಿಬಿಡೋಣ ಎಂದು ನನ್ನ ಗಂಡ. ಓಮ್ನಿಗೆ ನಮ್ಮ ಕಡೆ ಈಗಲೂ ಬೇಡಿಕೆ ಇದೆ; ತಯಾರಿಕೆ ನಿಂತ ಮೇಲೆ ಇನ್ನಷ್ಟು ಹೆಚ್ಚಿದೆ. ಅಡುಗೆ ಗುತ್ತಿಗೆಯವರೊಬ್ಬರು ನಲವತ್ತು ಸಾವಿರಕ್ಕೆ ಕೇಳಿದರು, ಪಾತ್ರೆ ಸಾಗಿಸಲು. ತಳ ಹೀಗಿದೆ ಎಂದು ತೋರಿಸಿದರೆ, "ಪಾತ್ರೆಗೆ ತಾನೇ, ಅಡ್ಡಿಯಿಲ್ಲ," ಎಂದರು. ಆದರೆ ಅಡುಗೆಗೆ ಹೋಗುವ ಗಾಡಿಯಲ್ಲಿ ಪಾತ್ರೆಯ ಮೇಲೆ ಹುಡುಗರು ಕೂತು ಹೋಗುತ್ತಾರೆ ಎನ್ನುವುದನ್ನು ನಾನು ಕಂಡಿದ್ದೇನೆ. ನಮ್ಮ ಮಕ್ಕಳನ್ನು ಕೂರಿಸಲಾಗದ ಗಾಡಿಯಲ್ಲಿ ಬೇರೆಯವರ ಮಕ್ಕಳು ಕೂರಲಿ ಎಂದು ಹಣ ಎಣಿಸಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಮಾವನೂ ಅದೇ ಮಾತು ಹೇಳಿದರು.

ಮಾಡಿನಲ್ಲಿ ನಿಲ್ಲಿಸುವ ಮಾತಿಗೂ ನಾನು ಒಪ್ಪಲಿಲ್ಲ. ನಮ್ಮ ಸುತ್ತಿನ ಎಷ್ಟೋ ಮನೆಗಳ ಹಿಂದೆ ಹಾಗೆ ನಿಂತ ಕಾರುಗಳಿವೆ. ಬಳ್ಳಿ ಹಬ್ಬಿ, ಸೀಟಿನಲ್ಲಿ ಇಲಿ ಮರಿ ಹಾಕಿ, ಎಣ್ಣೆ ಮಣ್ಣಿಗೆ ಸೋರಿ, ಬ್ಯಾಟರಿ ಒಡೆದು ಕೊನೆಗೆ ಒಂದು ದಿನ ಗುಜರಿಯವನು ಬಂದು ತುಂಡು ಮಾಡಿ ಒಯ್ಯುತ್ತಾನೆ. ಕಬ್ಬಿಣ ಹೋದರೂ ದಾಖಲೆ ಉಳಿಯುತ್ತದೆ. ಮೋಟಾರು ವಾಹನ ಕಾಯಿದೆಯ 55ನೆಯ ಕಲಮಿನ ಪ್ರಕಾರ, ವಾಹನ ನಾಶವಾದರೆ ಅಥವಾ ಇನ್ನೆಂದೂ ಓಡದ ಸ್ಥಿತಿಗೆ ಬಂದರೆ ಮಾಲೀಕರು 14 ದಿನಗಳೊಳಗೆ ತಿಳಿಸಿ, ನೋಂದಣಿ ರದ್ದು ಮಾಡಿಸಬೇಕು. ಮಾರಿದರೂ ಅಷ್ಟೇ ಎಚ್ಚರ ಬೇಕು. ಕೈ ಬದಲಾಯಿಸಿದರೂ ಹೆಸರು ಬದಲಾಯಿಸದ ವಾಹನ ಅಪಘಾತ ಮಾಡಿದರೆ, ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಎಂಬತ್ತರ ಹತ್ತಿರ ಬಂದ ಮಾವನ ಹೆಸರನ್ನು ಎಲ್ಲೋ ತಿರುಗುವ ಗಾಡಿಗೆ, ಯಾರದೋ ಗುಜರಿ ಅಂಗಡಿಯಲ್ಲಿ ಬಿದ್ದ ಫಲಕಕ್ಕೆ ಕಟ್ಟಿ ಬಿಡುವುದು ನನಗೆ ಸರಿಕಾಣಲಿಲ್ಲ. ಇಪ್ಪತ್ತೈದು ವರ್ಷ ನೆಟ್ಟಗೆ ದುಡಿದ ವಾಹನದ ಕಬ್ಬಿಣವೂ ಕಾಗದವೂ ಒಟ್ಟಿಗೆ ಮುಗಿಯಬೇಕು ಎಂದು ನಾನು ಹಟ ಹಿಡಿದೆ.

ಹೀಗೆ ನೋಂದಾಯಿತ ವಾಹನ ಗುಜರಿ ಘಟಕದ ದಾರಿ ಹಿಡಿದೆವು. ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್‌ನಲ್ಲಿ ಈ ಘಟಕಗಳಿಗಾಗಿ ನಿಯಮ ಮಾಡಿದೆ. ಊರ ಗುಜರಿ ಅಂಗಡಿಗೂ ಇದಕ್ಕೂ ಮುಖ್ಯ ವ್ಯತ್ಯಾಸ ಏನೆಂದರೆ, ಇಲ್ಲಿ ವಾಹನ ಕೊಟ್ಟರೆ ಸರ್ಕಾರದ ದಾಖಲೆಯಲ್ಲೇ ಅದರ ನೋಂದಣಿ ರದ್ದಾಗುತ್ತದೆ, ನಮ್ಮ ಕೈಗೆ ಪ್ರಮಾಣಪತ್ರ ಬರುತ್ತದೆ. ನಮಗೆ ಹತ್ತಿರದಲ್ಲಿ ಇಂಥ ಘಟಕ ಇರಲಿಲ್ಲ. ಬೆಂಗಳೂರಿನ ಕಡೆಯ ಒಂದು ಘಟಕಕ್ಕೆ ಫೋನು ಮಾಡಿದರೆ, ಶಿರಸಿಯವರೆಗೂ ಲಾರಿ ಕಳುಹಿಸುತ್ತೇವೆ, ಸಾಗಣೆಯ ಖರ್ಚು ಬೆಲೆಯಲ್ಲಿ ಮುರಿದುಕೊಳ್ಳುತ್ತೇವೆ ಎಂದರು. ಬೆಲೆ ತೂಕದ ಮೇಲೆ. ಓಮ್ನಿ ಎಂಟುನೂರು ಕಿಲೋದ ಹತ್ತಿರದ ಹಗುರ ಗಾಡಿ. ಖರ್ಚು ಕಳೆದು ಅಡುಗೆ ಗುತ್ತಿಗೆಯವರು ಹೇಳಿದ್ದರ ಅರ್ಧಕ್ಕೂ ಕಡಿಮೆ ಬರುತ್ತಿತ್ತು. ನನ್ನ ಗಂಡ ಒಮ್ಮೆ ಲೆಕ್ಕ ಹಾಕಿ ನೋಡಿ, ತಂದೆಯ ಮುಖ ನೋಡಿ, ಆಗಲಿ ಎಂದರು.

ಕಾಗದ ಪತ್ರ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಆರ್‌ಸಿ ಪುಸ್ತಕ ತೆಗೆದು ನೋಡಿದರೆ ಒಂದು ಪುಟದಲ್ಲಿ ನಮ್ಮ ಸೊಸೈಟಿಯ ಹೆಸರು. 1999ರಲ್ಲಿ ಗಾಡಿಗೆ ಸಾಲ ಕೊಟ್ಟದ್ದು ಅವರು. ಸಾಲ ತೀರಿದ ಮೇಲೂ ಅಡಮಾನದ ಆ ನಮೂದು ಹಾಗೇ ಇತ್ತು. ಹಳ್ಳಿಯ ಕಡೆಯ ಹಳೆಯ ವಾಹನಗಳಲ್ಲಿ ಇದು ಬಹಳ ಸಾಮಾನ್ಯ. ಅದು ಇರುವವರೆಗೆ ವಾಹನವನ್ನು ಗುಜರಿಗೆ ಕೊಡಲು ಬರುವುದಿಲ್ಲ. ಸಾಲ ಕೊಟ್ಟವರು ಮತ್ತು ಮಾಲೀಕರು ಇಬ್ಬರೂ ಸಹಿ ಹಾಕಿದ ನಮೂನೆ 35 ಬೇಕು, ಜೊತೆಗೆ ಬಾಕಿ ಇಲ್ಲವೆಂಬ ಪತ್ರ.

ಸೊಸೈಟಿಗೆ ಮಾವನನ್ನೇ ಕರೆದುಕೊಂಡು ಹೋದೆ. ಈಗಿನ ಕಾರ್ಯದರ್ಶಿ ನನ್ನ ವಯಸ್ಸಿನವರು, ಕಂಪ್ಯೂಟರಿನಲ್ಲಿ ಅಷ್ಟು ಹಿಂದಿನದು ಇರಲಿಲ್ಲ. ಅವರು ಬೇಸರ ಪಡದೆ ಅಟ್ಟ ಹತ್ತಿ, ಕೆಂಪು ಬಟ್ಟೆಯ ರಟ್ಟಿನ ಲೆಡ್ಜರುಗಳನ್ನು ಇಳಿಸಿದರು. ಗೆದ್ದಲು ಹಿಡಿಯದ ಹಾಗೆ ಬೇವಿನ ಸೊಪ್ಪು ಇಟ್ಟು ಕಟ್ಟಿದ್ದರು. ಪುಟ ತಿರುವುತ್ತ ಹೋದ ಹಾಗೆ ಮಾವನ ಖಾತೆ ಸಿಕ್ಕಿತು. ಪ್ರತಿ ವರ್ಷ ಅಡಿಕೆ ಹಾಕಿದ ತಿಂಗಳಲ್ಲಿ ಒಂದು ಕಂತು ಜಮಾ. ಒಂದು ವರ್ಷ ಮಾತ್ರ ಕಂತು ಅರ್ಧ. ಮಾವ ಅದರ ಮೇಲೆ ಬೆರಳಿಟ್ಟು, "ಆ ವರ್ಷ ಕೊಳೆ ಬಂದಿತ್ತು. ಅರ್ಧಕ್ಕರ್ಧ ಕಾಯಿ ಉದುರಿತು," ಎಂದರು. 2004ರ ಪುಟದಲ್ಲಿ ಖಾತೆ ಚುಕ್ತಾ ಎಂದು ಬರೆದು, ಅಡಿಯಲ್ಲಿ ಮಾವನ ಸಹಿ, ಆಗಿನ ಕಾರ್ಯದರ್ಶಿಯ ಸಹಿ. ಆ ಕಾರ್ಯದರ್ಶಿ ಈಗಿಲ್ಲ. ಮಾವ ಆ ಸಹಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಮೂನೆ 35ರ ಎರಡು ಪ್ರತಿಗಳಿಗೆ ನಿಧಾನವಾಗಿ ಸಹಿ ಹಾಕಿದರು. ಈಗ ಕೈ ನಡುಗುತ್ತದೆ, ಹಳೆಯ ಸಹಿಗೂ ಹೊಸದಕ್ಕೂ ಹೋಲಿಕೆ ಇರಲಿಲ್ಲ. ಆಧಾರ್ ಪ್ರತಿ ಮತ್ತು ಬ್ಯಾಂಕಿನವರು ದೃಢೀಕರಿಸಿದ ಸಹಿಯ ಪತ್ರ ಜೊತೆಗಿಟ್ಟೆವು. ವಯಸ್ಸಾದವರ ಹೆಸರಿನಲ್ಲಿ ಹಳೆಯ ವಾಹನ ಇರುವವರು ಈ ಒಂದು ಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಅಡಮಾನದ ನಮೂದು ತೆಗೆಸಲು ಮತ್ತು ಮಾವನ ಮೊಬೈಲ್ ಸಂಖ್ಯೆಯನ್ನು ದಾಖಲೆಗೆ ಸೇರಿಸಲು ಕೆಲವು ವಾರ ಹಿಡಿಯಿತು. 1999ರ ದಾಖಲೆಗೆ ಮೊಬೈಲ್ ಎಲ್ಲಿಂದ ಬರಬೇಕು? ಆದರೆ ಈಗ ಅರ್ಜಿಯ ಪ್ರತಿ ಹಂತದ ಗುಪ್ತಸಂಖ್ಯೆ (ಒಟಿಪಿ) ಅದಕ್ಕೇ ಬರುವುದು. ಉಳಿದದ್ದು ಸರಳ. ಮೂಲ ಆರ್‌ಸಿ, ಪ್ಯಾನ್ ಪ್ರತಿ, ರದ್ದು ಮಾಡಿದ ಚೆಕ್, ಒಂದು ಒಪ್ಪಿಗೆ ಪತ್ರ. ಕಳವಿನ ವಾಹನವೋ ಎಂದು ಘಟಕದವರೇ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪಟ್ಟಿಯೊಂದಿಗೆ ತಾಳೆ ನೋಡುತ್ತಾರೆ. ಬಾಕಿ ದಂಡ ಇದ್ದರೆ ತೀರಿಸಬೇಕು, ನಮ್ಮದು ಇರಲಿಲ್ಲ.

ಈ ನಡುವೆ ಮೇಸ್ತ್ರಿ ಒಂದು ಮಾತು ಕೇಳಿದರು. ಗೇರ್ ಬಾಕ್ಸನ್ನೂ ಸ್ಟಾರ್ಟರನ್ನೂ ಬಿಚ್ಚಿಕೊಳ್ಳಲೇ, ಬೇರೆ ಓಮ್ನಿಗೆ ಆಗುತ್ತದೆ ಎಂದು. ಅವರ ಆಸೆ ನ್ಯಾಯದ್ದು, ಭಾಗ ಸಿಗದೆ ನಿಂತ ಗಾಡಿಗಳು ಅವರ ಅಂಗಳದಲ್ಲಿದ್ದವು. ಆದರೆ ವಾಹನ ಇಡಿಯಾಗಿ ಬರಬೇಕು, ಎಂಜಿನ್, ಗೇರ್ ಬಾಕ್ಸ್, ಬ್ಯಾಟರಿ, ಚಕ್ರ ಇಲ್ಲದಿದ್ದರೆ ಬೆಲೆ ಮುರಿಯುತ್ತೇವೆ ಎಂದು ಘಟಕದವರು ಮೊದಲೇ ಹೇಳಿದ್ದರು. ಬೆಲೆಗಿಂತ ಹೆಚ್ಚಾಗಿ ಮಾವನಿಗೆ ಗಾಡಿ ತನ್ನ ಕಾಲ ಮೇಲೆ ನಿಂತು ಹೋಗಬೇಕೆಂದಿತ್ತು. ಕೊನೆಗೆ ಮೇಸ್ತ್ರಿಗೆ ಜಾಕ್, ಪಾನಾಗಳ ಚೀಲ, ಮಾಡಿನಲ್ಲಿ ಕೂಡಿಟ್ಟಿದ್ದ ಹೊಸ ಬ್ರೇಕ್ ಶೂ ಮತ್ತು ಫ್ಯಾನ್ ಬೆಲ್ಟ್ ಕೊಟ್ಟೆವು. ಅವರು ದುಡ್ಡು ಕೊಡಲು ಬಂದರೆ ಅತ್ತೆ ಅವರ ಕೈಗೆ ಒಂದು ಬಾಟಲಿ ಜೇನು ಕೊಟ್ಟು ಕಳುಹಿಸಿದರು.

ಗಾಡಿಯನ್ನು ತೊಳೆದು ಖಾಲಿ ಮಾಡಿದ್ದು ನಾನು ಮತ್ತು ಮಕ್ಕಳು. ಸೀಟಿನ ಅಡಿಯ ಮ್ಯಾಟ್ ಎತ್ತಿದರೆ ಒಣಗಿದ ಸುಲಿಗೋಟು ಅಡಿಕೆಗಳು, ಮಗಳು ಚಿಕ್ಕವಳಿದ್ದಾಗಿನ ಕೂದಲಿನ ಕ್ಲಿಪ್ಪು, ಯಾವುದೋ ವರ್ಷದ ಆಯುಧ ಪೂಜೆಯ ಕುಂಕುಮ. ಮುಂದಿನ ಗಾಜಿಗೆ ಅಂಟಿಸಿದ್ದ ಗಣಪತಿಯ ಚಿತ್ರವನ್ನು ಬಿಸಿನೀರು ಹಾಕಿ ಅಂಚು ಹರಿಯದಂತೆ ಬಿಡಿಸಿದೆವು. ಅದೇ ಗಾಜಿನಲ್ಲಿದ್ದ ಫಾಸ್ಟ್ಯಾಗನ್ನು ಬ್ಯಾಂಕಿಗೆ ಹೇಳಿ ಮುಚ್ಚಿಸಿ, ಉಳಿದ ಹಣ ಹಿಂದಕ್ಕೆ ಪಡೆದೆವು. ಇದನ್ನು ಅನೇಕರು ಮರೆಯುತ್ತಾರೆ. ಟ್ಯಾಂಕಿನಲ್ಲಿ ಪೆಟ್ರೋಲ್ ತೀರುತ್ತ ಬಂದಿತ್ತು, ಮತ್ತೆ ಹಾಕಿಸಲಿಲ್ಲ. ಘಟಕದಲ್ಲಿ ಅದನ್ನು ಇಳಿಸಿಯೇ ಬಿಡುತ್ತಾರೆ. ಅದು ಕೊನೆಯದಾಗಿ ಕೇರಿಯ ಜನರನ್ನು ತುಂಬಿಕೊಂಡು ಹೋದದ್ದು ಮಾರ್ಚ್‌ನಲ್ಲಿ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಗೆ. ಅದೇ ಕೊನೆಯದೆಂದು ಆಗ ಯಾರಿಗೂ ಗೊತ್ತಿರಲಿಲ್ಲ, ಮಕ್ಕಳು ಬಳೆ ಪೇಟೆಯಿಂದ ತೊಟ್ಟಿಲಿನವರೆಗೆ ಸುತ್ತಿ ದಣಿದು ಹಿಂದಿನ ಸೀಟಿನಲ್ಲಿ ಒಬ್ಬರ ಮೇಲೊಬ್ಬರು ನಿದ್ದೆ ಹೋಗಿದ್ದರು. ಹಾಗೆ ಆದದ್ದೇ ಚೆನ್ನಾಯಿತು ಎಂದು ನನಗೆ ಅನ್ನಿಸುತ್ತದೆ.

ಒಯ್ಯುವ ಲಾರಿ ನಮ್ಮ ಮನೆಯವರೆಗೆ ಬರಲು ಆಗಲಿಲ್ಲ. ಡಾಂಬರು ರಸ್ತೆಯಿಂದ ಮನೆಗೆ ಇಳಿಯುವ ದಾರಿ ಓಮ್ನಿಯ ಅಗಲಕ್ಕೇ ಹೇಳಿ ಮಾಡಿಸಿದ ಹಾಗಿದೆ, ಅಗಲದ ಲಾರಿಗೆ ಅಲ್ಲ. ಆದ್ದರಿಂದ ಅದನ್ನು ನಾವೇ ಮೇಲಕ್ಕೆ ಒಯ್ಯಬೇಕಾಯಿತು. ಅತ್ತೆ ಅಂಗಳದಲ್ಲೇ ಕುಂಕುಮ ಹಚ್ಚಿ, ಆರತಿ ಬೆಳಗಿ, ಕಾಯಿ ಒಡೆದರು. ಕೊನೆಗೌಡ ಮಗಳು ಮತ್ತು ಮೊಮ್ಮಗನ ಜೊತೆ ಬಂದಿದ್ದ. ಆ ಮೊಮ್ಮಗ ಈಗ ಕಾಲೇಜಿಗೆ ಹೋಗುವ ಹುಡುಗ. ಅವನ ತಾಯಿ ಗಾಡಿಯ ಬದಿಯ ಬಾಗಿಲನ್ನು ಒಮ್ಮೆ ಜಾರಿಸಿ ತೆಗೆದು, ಒಳಗೆ ನೋಡಿ, ಏನೂ ಹೇಳದೆ ಮುಚ್ಚಿದಳು. ನಾನು ಅವಳನ್ನು ಅಪ್ಪಿಕೊಂಡೆ. ನಮ್ಮಿಬ್ಬರಿಗೂ ಆ ರಾತ್ರಿಯ ನೀರಿನ ಸದ್ದು ನೆನಪಿತ್ತು.

ಕಣ್ಣಿನ ಶಸ್ತ್ರಚಿಕಿತ್ಸೆಯ ಮೇಲೆ ಮಾವ ಓಡಿಸುವುದನ್ನು ಬಿಟ್ಟಿದ್ದರು. ಆ ದಿನ ಕೀಲಿ ಅವರ ಕೈಗೆ ಕೊಟ್ಟರೆ, ನನಗೇ ತಿರುಗಿಸಿ ಕೊಟ್ಟು ಪಕ್ಕದ ಸೀಟಿಗೆ ಹೋಗಿ ಕೂತರು. ಚೋಕ್ ಎಳೆದು ಸ್ಟಾರ್ಟ್ ಮಾಡಿದೆ, ಒಂದೇ ಏಟಿಗೆ ಎದ್ದಿತು. ಏರು ಹತ್ತುವಾಗ ಹಿಂದಿನ ಚಕ್ರ ಒಂದಿಷ್ಟು ಜಾರಿತು, ಹಿಂದೆ ಮೂಟೆ ಇರಲಿಲ್ಲ. ಮಾವ ಅಭ್ಯಾಸದಂತೆ, "ಎರಡನೆಯ ಗೇರಿಗೆ ಹಾಕಬೇಡ, ಮೊದಲನೆಯದರಲ್ಲೇ ಹೋಗು," ಎಂದರು. ಮೊದಲನೆಯದರಲ್ಲೇ ಹೋದೆ.

ಲಾರಿಯವರು ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆಗಳನ್ನು ಕಾಗದದೊಂದಿಗೆ ತಾಳೆ ನೋಡಿ, ನಾಲ್ಕೂ ಬದಿಯ ಚಿತ್ರ ತೆಗೆದುಕೊಂಡು, ಮಾವನ ಸಹಿ ಪಡೆದು ಸ್ವೀಕೃತಿ ಕೊಟ್ಟರು. ಆ ಸ್ವೀಕೃತಿ ಇಲ್ಲದೆ ಯಾರೂ ವಾಹನ ಬಿಡಬಾರದು. ಆಮೇಲೆ ಓಮ್ನಿ ತನ್ನದೇ ಶಕ್ತಿಯಲ್ಲಿ ಹಲಗೆ ಹತ್ತಿ ಲಾರಿಯ ಮೇಲೆ ನಿಂತಿತು. ಮಾವ ಅದರ ಹಿಂದಿನ ಬಾಗಿಲನ್ನು ಅಂಗೈಯಿಂದ ಎರಡು ಸಲ ತಟ್ಟಿದರು. ಅಡಿಕೆ ತುಂಬಿ ಕಳುಹಿಸುವಾಗಲೆಲ್ಲ ಹೊರಡಲು ಅವರು ಕೊಡುತ್ತಿದ್ದ ಸೂಚನೆ ಅದು.

ನನಗೆ ಅಷ್ಟಕ್ಕೆ ಬಿಡಲು ಮನಸ್ಸಾಗಲಿಲ್ಲ. ತಂಗಿಯ ಮನೆಗೆ ಬೆಂಗಳೂರಿಗೆ ಹೋಗುವುದಿತ್ತು, ಹೋದವಳು ಘಟಕದವರನ್ನು ಕೇಳಿ ಒಪ್ಪಿಗೆ ಪಡೆದು ನೋಡಲು ಹೋದೆ. ದೊಡ್ಡ ತಗಡಿನ ಮಾಡು, ಸಿಮೆಂಟಿನ ನೆಲ. ತೂಕದ ಸೇತುವೆಯ ಮೇಲೆ ಮೊದಲು ತೂಗಿದರು. ಬ್ಯಾಟರಿ ಬಿಚ್ಚಿ ಬೇರೆ ಇಟ್ಟರು. ಪೆಟ್ರೋಲ್, ಎಂಜಿನ್ ಆಯಿಲ್, ಬ್ರೇಕಿನ ಎಣ್ಣೆ, ರೇಡಿಯೇಟರಿನ ನೀರು ಒಂದೊಂದನ್ನೂ ಒಂದೊಂದು ಡ್ರಮ್ಮಿಗೆ ಇಳಿಸಿದರು, ನೆಲಕ್ಕೆ ಹನಿ ಬೀಳಲಿಲ್ಲ. ನಮ್ಮೂರಿನ ಮಾಡಿನಲ್ಲಿ ನಿಂತಿದ್ದರೆ ಇದೆಲ್ಲ ಇಳಿಜಾರಿನಲ್ಲಿ ತೋಟದ ಕಾಲುವೆ ಸೇರುತ್ತಿತ್ತು. ಚಕ್ರ, ಗಾಜು, ಸೀಟು, ವೈರು ಕಳಚಿದ ಮೇಲೆ ಎಂಜಿನ್ನನ್ನು ಸರಪಳಿಯಲ್ಲಿ ಎತ್ತಿದರು. ಇಷ್ಟು ವರ್ಷ ಅದರ ಮೇಲೆ ಕೂತಿದ್ದೆ. ಪೂರ್ತಿ ಎಂಜಿನ್ನನ್ನು ಕಂಡದ್ದು ಆವತ್ತೇ. ಎಷ್ಟು ಚಿಕ್ಕದು! ಅಷ್ಟು ಚಿಕ್ಕದು ಅಷ್ಟು ಜನರನ್ನು ಘಟ್ಟ ಹತ್ತಿಸಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಅಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ಕೈ ನಿಲ್ಲಿಸಿ, ನೀರಿನ ಬಾಟಲಿ ಕೊಟ್ಟು, "ಬಹಳ ಜನ ಅಳುತ್ತಾರಮ್ಮ, ಕೂತುಕೊಳ್ಳಿ," ಎಂದು ಕುರ್ಚಿ ಎಳೆದು ಕೊಟ್ಟರು.

ಕೊನೆಗೆ ಚಾಸಿ ಸಂಖ್ಯೆ ಕೊರೆದಿದ್ದ ತಗಡಿನ ತುಂಡನ್ನು ಮಾತ್ರ ಕತ್ತರಿಸಿ ತೆಗೆದು, ಚೀಟಿ ಕಟ್ಟಿದರು. ಅದನ್ನು ಆರು ತಿಂಗಳು ಜೋಪಾನವಾಗಿ ಇಡಬೇಕೆಂದು ನಿಯಮವಿದೆ. ಅದೇ ಸಂಖ್ಯೆಯನ್ನು ಬೇರೆ ಕಳವಿನ ಗಾಡಿಗೆ ಯಾರೂ ಹೊಡೆಯದಂತೆ ಈ ವ್ಯವಸ್ಥೆ. ಉಳಿದ ಮೈ ಒತ್ತುವ ಯಂತ್ರಕ್ಕೆ, ಅಲ್ಲಿಂದ ಉಕ್ಕಿನ ಕುಲುಮೆಗೆ. ಯಂತ್ರದ ಕೆಲಸ ನೋಡಲು ನಾನು ನಿಲ್ಲಲಿಲ್ಲ.

ಹಣ ನೇರ ಮಾವನ ಬ್ಯಾಂಕ್ ಖಾತೆಗೆ ಬಂತು. ಬಂದ ಎರಡು ಪ್ರಮಾಣಪತ್ರಗಳಲ್ಲಿ ಒಂದು ವಾಹನವನ್ನು ಒಪ್ಪಿಸಿದ್ದಕ್ಕೆ, ಇನ್ನೊಂದು ಅದನ್ನು ಕಳಚಿ ಮುಗಿಸಿದ್ದಕ್ಕೆ. ಸಾರಿಗೆ ಇಲಾಖೆಯ ಪೋರ್ಟಲಿನಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ರದ್ದಾಗಿದೆ ಎಂದು ತೋರಿಸಿತು. ಅದನ್ನು ಮುದ್ರಿಸಿ ಮಾವನಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಚಾಸಿ ಸಂಖ್ಯೆಯ ಒಂದೊಂದು ಅಂಕಿಯನ್ನೂ 1999ರ ಬಿಲ್ಲಿನೊಂದಿಗೆ ಹೋಲಿಸಿ, ಸರಿ ಇದೆ ಎಂದು ಕಡತಕ್ಕೆ ಸೇರಿಸಿದರು. ವಿಮೆಯ ಕಂಪನಿಗೂ ಪ್ರತಿ ಕಳುಹಿಸಿ ಪಾಲಿಸಿ ರದ್ದು ಮಾಡಿಸಿದೆವು.

ಒಪ್ಪಿಸಿದ ಪ್ರಮಾಣಪತ್ರಕ್ಕೆ ಇನ್ನೊಂದು ಉಪಯೋಗವಿದೆ. ಅದನ್ನು ತೋರಿಸಿ ಹೊಸ ವಾಹನ ಕೊಂಡರೆ ನೋಂದಣಿ ಶುಲ್ಕ ಇಲ್ಲ. ಸ್ವಂತ ಬಳಕೆಯ ವಾಹನದ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮ ರಾಜ್ಯಗಳಿಗೆ ಅವಕಾಶ ಕೊಟ್ಟಿದೆ. ನಮ್ಮ ಇನ್ನೊಂದು ಕಾರು ತೋಟದ ದಾರಿಗೆ ಇಳಿಯುವುದಿಲ್ಲ, ಇಳಿದರೆ ತಳ ತಾಗುತ್ತದೆ. ಅಡಿಕೆ ಕೊಯ್ಲು ಬರುವುದರೊಳಗೆ ಏನಾದರೂ ಆಗಲೇಬೇಕಿತ್ತು. ಮಾರುತಿಯ ಈಕೋ ವ್ಯಾನ್ ನೋಡಿಕೊಂಡು ಬರೋಣವೇ ಎಂದು ನಾನು ರಾತ್ರಿ ಊಟದ ಹೊತ್ತಿಗೆ ಕೇಳಿದೆ.

ಮಾವ ಮಜ್ಜಿಗೆ ಅನ್ನ ಕಲಸುತ್ತ, "ಎಳೆಯುವುದು ಯಾವ ಚಕ್ರ?" ಎಂದರು.

"ಹಿಂದಿನದೇ ಮಾವ."

"ಎಂಜಿನ್?"

"ಸೀಟಿನ ಅಡಿಯಲ್ಲೇ."

"ಹಾಗಾದರೆ ಸೋಮವಾರ ಹೋಗೋಣ," ಎಂದರು. "ಈ ಸಲ ಮೊದಲು ತಳಕ್ಕೆ ಒಂದು ದಪ್ಪ ರಬ್ಬರಿನ ಹಾಸು ಹಾಕಿಸಬೇಕು. ಮೈಲುತುತ್ತಕ್ಕೆ ಪ್ಲಾಸ್ಟಿಕ್ಕಿನ ಪೆಟ್ಟಿಗೆಯೂ ಬೇಕು, ಮುಚ್ಚಳ ಇರುವಂಥದ್ದು."